ಚಿಕ್ಕಪ್ಪನ ತಲೆನೋವಿಗೆ ಚಕ್ಕೋತ ಮರವೇ ಕಾರಣ

ಚಮಚದ ಅಂಚನ್ನು ನೋವಿನ ಹಸಿರು ಎಣ್ಣೆಯಲ್ಲಿ ಅದ್ದಿ ಚಿಕ್ಕಪ್ಪನ ಕತ್ತಿನಿಂದ ಬೆನ್ನಿನವರೆಗೆ ಎಳೆದೆ. ಮತ್ತೆ ಅದ್ದಿದೆ, ಮತ್ತೆ ಎಳೆದೆ. ಚರ್ಮದ ಮೇಲೆ ಕೆಂಪು ಗೆರೆಗಳೆದ್ದವು. ಅವರು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಮೈಯೊಳಗೆ ಹೊಕ್ಕ ಗಾಳಿಯನ್ನು ಕೆರೆದು ತೆಗೆಯುವಾಗ ಮಾತಾಡಿದರೆ ಅದು ಅರ್ಧ ದಾರಿಯಿಂದ ವಾಪಸ್ಸು ಹೋಗುತ್ತದೆ ಎಂದು ಚಿಕ್ಕಮ್ಮನ ನಂಬಿಕೆ. ಬೆನ್ನು ಮುಗಿಸಿ, ಎರಡು ಬೆರಳಿಗೆ ಎಣ್ಣೆ ಹಚ್ಚಿಕೊಂಡು ಹಣೆಯಿಂದ ಕಿವಿಯ ಹಿಂದಕ್ಕೆ ತಿಕ್ಕಿದೆ. ಬೆರಳು ಒಂದು ತಗ್ಗಿಗೆ ಇಳಿಯಿತು. ಹಣೆಯಿಂದ ಹೊರಟು ಕಿವಿಯ ಮೇಲಾಗಿ ತಲೆಯ ಹಿಂದಕ್ಕೆ ಹೋಗಿ, ಇನ್ನೊಂದು ಕಿವಿಯ ಮೇಲಿಂದ ಹೊರಟಲ್ಲಿಗೇ ಬಂದು ಸೇರುವ ತಗ್ಗು. ಹಗ್ಗ ಬಿಗಿದು ಕಟ್ಟಿದ ಬಾಳೆದಿಂಡಿನ ಮೇಲೆ ಉಳಿಯುತ್ತದಲ್ಲ, ಅಂಥದ್ದು.

ಅದು ಯಾವುದರ ಗುರುತೆಂದು ನೋಡಲು ತಲೆ ಎತ್ತಿದರೆ ಸಾಕಿತ್ತು. ಹಿರಿಯರ ಫೋಟೋಗಳಿಟ್ಟ ಪೀಠದ ಮೇಲೆ, ಅಜ್ಜಿಯ ಫೋಟೋವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಕೆಂಪು ಬಟ್ಟೆ ಹಾಸಿ, ಅದನ್ನು ಕೂರಿಸಿದ್ದರು. ಬಿಳಿ ಹೆಲ್ಮೆಟ್ಟು. ಹಣೆಯ ಮೇಲೆ ಕೆಂಪಕ್ಷರದಲ್ಲಿ 'ಮಾದರಿ ಗ್ರಾಮದ ಮಾದರಿ ಮುಖ್ಯಸ್ಥ' ಎಂದಿತ್ತು.

ಹೌ ನದಿಯಿಂದ ಕವಲೊಡೆದ ಕಾಲುವೆಯೊಂದರ ದಂಡೆಯ ಮೇಲೆ ನಮ್ಮ ಊರು. ಲುವಾಂಗ್ ಚಿಕ್ಕಪ್ಪ ಒಂಬತ್ತು ವರ್ಷದಿಂದ ಅದರ ಮುಖ್ಯಸ್ಥರು. ಮಳೆಗಾಲ ಮುಗಿದಾಗ ಮೇಲಿನ ಕಚೇರಿಯವರು ಹನ್ನೊಂದು ಊರುಗಳ ಮುಖ್ಯಸ್ಥರನ್ನು ಕರೆಸಿ, ಹಾರ ಹಾಕಿ, ಹನ್ನೊಂದು ಹೆಲ್ಮೆಟ್ಟು ಕೊಟ್ಟರು. ಹನ್ನೊಂದೂ ಒಂದೇ ಅಳತೆಯವು. ಮಾದರಿ ಎಂದ ಮೇಲೆ ಅಳತೆ ಒಂದೇ ಇರಬೇಕಲ್ಲ. ಆದರೆ ನಮ್ಮ ಮನೆತನದವರ ತಲೆ ದೊಡ್ಡದು. ನನ್ನ ಅಪ್ಪನದೂ ದೊಡ್ಡದಿತ್ತು. ನನ್ನದೂ ದೊಡ್ಡದೇ, ಅದನ್ನು ನಾನು ಆರನೇ ಕ್ಲಾಸಿಗೇ ಸಾಕೆಂದು ಮನೆಗೆ ತಂದು ಪಾತ್ರೆ ತೊಳೆಯಲು ಬಳಸಿದೆ. ಚಿಕ್ಕಪ್ಪ ತಮ್ಮದನ್ನು ಊರಿನ ಸೇವೆಗೆ ಕೊಟ್ಟರು.

ಅಂದಿನಿಂದ ಹೆಲ್ಮೆಟ್ಟು ಅವರ ತಲೆಯಿಂದ ಇಳಿಯುತ್ತಿದ್ದುದು ನಿದ್ದೆಗೆ, ಸ್ನಾನಕ್ಕೆ ಮತ್ತು ನನ್ನ ಚಮಚಕ್ಕೆ ಮಾತ್ರ. ಮೋಟಾರು ಬೈಕಿನ ಮೇಲೆ ಸರಿ, ದೋಣಿಯಲ್ಲೂ ಇತ್ತು, ಸಭೆಯಲ್ಲೂ ಇತ್ತು. ಮನೆ ಮುಂದೆ ಚಿಕ್ಕಮ್ಮ ನಡೆಸುವ ಕಾಫಿ ಅಂಗಡಿಯಲ್ಲಿ ಕೂತಾಗಲೂ ಗದ್ದದ ಕೆಳಗೆ ಪಟ್ಟಿ ಬಿಗಿದೇ ಇರುತ್ತಿತ್ತು. ನಾನು ಒಳಬಾಗಿಲ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಲೋಟ ತೊಳೆಯುತ್ತೇನೆ. ಅಲ್ಲಿಂದ ಎಲ್ಲ ಕೇಳಿಸುತ್ತದೆ, ಯಾರಿಗೂ ನಾನು ಕಾಣಿಸುವುದಿಲ್ಲ.

"ಏನೋ ಲುವಾಂಗ್, ಒಳಗೆ ಮೊಟ್ಟೆ ಕಾವಿಗೆ ಇಟ್ಟಿದೀಯಾ?" ಎಂದರು ತಾಮ್ ಅಜ್ಜ. ಚಿಕ್ಕಪ್ಪನ ಹಳೆಯ ಗೆಳೆಯ, ಚದುರಂಗದ ಜೊತೆಗಾರ.

"ನಗು, ನಗು. ನಿನ್ನ ತಲೆಗೆ ಯಾರೂ ಏನೂ ಕೊಟ್ಟಿಲ್ಲ ಅಂತ ಹೊಟ್ಟೆಯುರಿ ನಿನಗೆ."

"ಯಾಕೆ ಕೊಟ್ಟಿಲ್ಲ? ನಮ್ಮನೆಯವಳು ದಿನಾ ಕೊಡ್ತಾಳೆ, ಸೌಟಲ್ಲಿ."

ಎಲ್ಲರೂ ನಕ್ಕರು. ಚಿಕ್ಕಪ್ಪ ನಗಲು ಹೋಗಿ ಎರಡೂ ಕೈಯಿಂದ ತಲೆ ಹಿಡಿದುಕೊಂಡರು.

ನೋವು ಬೆಳಿಗ್ಗೆ ಏಳುವಾಗ ಇರುತ್ತಿರಲಿಲ್ಲ; ಕಾಫಿಗೆ ಬಂದು ಕೂತ ಒಂದು ಗಂಟೆಗೆ ಶುರುವಾಗುತ್ತಿತ್ತು. ಹಾಗಾಗಿ ಮೊದಲು ಕಾಫಿಯ ಮೇಲೆ ಅನುಮಾನ ಬಂತು, ಕಾಫಿ ಬಿಟ್ಟರು. ಆಮೇಲೆ ಮಂಚದ ತಲೆಭಾಗ ಪೂರ್ವಕ್ಕೆ ತಿರುಗಿತು. ಉಪ್ಪಿನಲ್ಲಿ ಕೊಳೆಹಾಕಿದ ಮೀನಿನ ರಸದ ಜಾಡಿ, ಅದರ ವಾಸನೆಯೇ ಕಾರಣವೆಂದು, ಅಡುಗೆಮನೆಯಿಂದ ಹಿತ್ತಿಲಿಗೆ ಹೋಯಿತು. ಎದುರು ದಂಡೆಯವನ ಹುಂಜ ಕೂಗುವುದೇ ಕಾರಣ ಎಂದಾಗಿ, ಹುಂಜಕ್ಕೆ ಊರಿನ ಕಚೇರಿಯಿಂದ ಎಚ್ಚರಿಕೆಯ ಪತ್ರ ಹೋಯಿತು. ಹುಂಜ ಪತ್ರಕ್ಕೆ ಬಗ್ಗಲಿಲ್ಲ.

ತಗ್ಗು ಕೈಗೆ ಸಿಕ್ಕ ದಿನ ನಾನು ಧೈರ್ಯ ಮಾಡಿ ಕೇಳಿದೆ. "ಚಿಕ್ಕಪ್ಪ, ಹೆಲ್ಮೆಟ್ಟು ಸ್ವಲ್ಪ ಬಿಗಿ ಅಲ್ವಾ?"

"ಬಿಗಿ ಇದ್ರೇನೇ ಶಿಸ್ತು ಮಗಳೇ."

"ಬಂದ್ಲಪ್ಪ, ಆರನೇ ಕ್ಲಾಸಿನ ಡಾಕ್ಟ್ರು!" ಎಂದರು ಚಿಕ್ಕಮ್ಮ. "ಹೋಗು, ಗಂಜಿಗೆ ಈರುಳ್ಳಿ ಹೆಚ್ಚು."

ಮರುದಿನ ನಾಟಿ ವೈದ್ಯರು ನಾಡಿ ಹಿಡಿದು, ನೆತ್ತಿಯಿಂದ ಗಾಳಿ ಒಳಗೆ ನುಗ್ಗುತ್ತಿದೆ ಎಂದರು. ದಿನಾ ಚಕ್ಕೋತ ಎಲೆಯ ಹಬೆ ತೆಗೆದುಕೊಳ್ಳಬೇಕು, ಉಳಿದ ಹೊತ್ತು ತಲೆಗೆ ಗಾಳಿ ಸೋಕಬಾರದು. ಚಿಕ್ಕಪ್ಪ ಚಕ್ಕೋತ ಎಲೆ ಕುದಿಸಿದ ಮಡಕೆಯ ಮುಂದೆ ಕಂಬಳಿ ಹೊದ್ದು ಅರ್ಧ ಗಂಟೆ ಬರಿತಲೆಯಲ್ಲಿ ಕೂತರು. ಎದ್ದಾಗ ಮುಖ ಅರಳಿತ್ತು. "ಅಬ್ಬಾ, ಹಗುರ ಆಯ್ತು!" ಎಂದು ಹೇಳಿ, ವೈದ್ಯರ ಮಾತಿನಂತೆ ಹೆಲ್ಮೆಟ್ಟು ಹಾಕಿಕೊಂಡು ಊಟಕ್ಕೆ ಕೂತರು. ಇನ್ನು ನಿದ್ದೆಯಲ್ಲೂ ಹಾಕಿಕೊಳ್ಳುತ್ತೇನೆ ಎಂದರು. ಅದಕ್ಕೆ ಮಾತ್ರ ಚಿಕ್ಕಮ್ಮ ಒಪ್ಪಲಿಲ್ಲ, ದಿಂಬಿನ ಚೀಲ ಹರಿಯುತ್ತದೆಂದು.

ಆ ಎಲೆ ಹಿತ್ತಿಲ ಮರದ್ದು. ನಾನು ಹುಟ್ಟಿದ ವಾರ ಅಪ್ಪ ನೆಟ್ಟ ಸಸಿ. ಅಪ್ಪ ಹೋದಾಗ ಅವರ ಮಾತಿನಂತೆ ಅದರ ಬುಡದಲ್ಲೇ ಮಣ್ಣು ಮಾಡಿದರು. ಈ ಮನೆ ಚಿಕ್ಕಪ್ಪನದು, ತಟ್ಟೆ ಚಿಕ್ಕಮ್ಮನದು, ನಾನು ಮಲಗುವ ಚಾಪೆ ಅವರ ಮಗಳು ಮದುವೆಯಾಗಿ ಹೋಗುವಾಗ ಬಿಟ್ಟದ್ದು. ಮರ ನನ್ನದು. ಹಾಗೆಂದು ಯಾರೂ ಬರೆದುಕೊಟ್ಟಿಲ್ಲ. ಆದರೆ ಅದರ ಹಣ್ಣು ಕೊಯ್ಯುವ ಮೊದಲು ಚಿಕ್ಕಪ್ಪನೂ ನನ್ನ ಮುಖ ನೋಡುತ್ತಾರೆ.

ಮಾತು ಸಾಗದಿದ್ದಾಗ ಕೈ ಸಾಗುತ್ತದೆ. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಮೀನು ಕೊಯ್ಯುವ ಚಾಕುವಿನಿಂದ ಹೆಲ್ಮೆಟ್ಟಿನ ಒಳಗಿನ ಸ್ಪಂಜನ್ನು ಬೆರಳು ದಪ್ಪ ಕೆರೆದು ತೆಗೆದೆ. ಆ ಸಂಜೆ ಚಿಕ್ಕಪ್ಪ ಸುಖವಾಗಿದ್ದರು, ಹುಂಜದ ಮೇಲಿನ ದೂರನ್ನೂ ಹಿಂದಕ್ಕೆ ತೆಗೆದುಕೊಂಡರು. ಮರುದಿನ ಬೆಳಿಗ್ಗೆ ತಲೆ ಅಲ್ಲಾಡಿಸಿ ನೋಡಿ, "ಸಡಿಲ ಆಗಿದೆ ಕಣೇ, ಗಾಳಿ ಹೋಗುತ್ತೆ" ಎಂದು ಕೈವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಒಳಗೆ ತುರುಕಿಕೊಂಡರು. ಅಂದು ನೋವು ಎಂದಿಗಿಂತ ಜಾಸ್ತಿ.

ಕೊನೆಗೆ ದೊಡ್ಡ ಊರಿನ ಆಸ್ಪತ್ರೆಗೆ ಹೋದೆವು. ಬಸ್ಸಿನಲ್ಲಿ ಅವರ ಹಣೆಗೆ ಎಣ್ಣೆ ತಿಕ್ಕಲು ನಾನೂ ಬೇಕಾಗಿದ್ದೆ. ಅಲ್ಲಿ ತಲೆಯನ್ನು ಒಂದು ಗೂಡಿನೊಳಗೆ ತೂರಿಸಿ ಫೋಟೋ ತೆಗೆದರು. ಒಳಗೆ ಹೋಗುವ ಮುಂಚೆ ಚಿಕ್ಕಪ್ಪ ಹೆಲ್ಮೆಟ್ಟು ಬಿಚ್ಚಿ ನನ್ನ ಕೈಗೆ ಕೊಟ್ಟರು, ಮಗುವನ್ನು ಕೊಡುವ ಹಾಗೆ. ಡಾಕ್ಟರು ಪರದೆ ನೋಡಿದರು, ಚೀಟಿ ನೋಡಿದರು, ಗಡಿಯಾರ ನೋಡಿದರು. ನನ್ನ ಮಡಿಲಲ್ಲಿ ಬಿಳಿಯದೊಂದು ಕೂತಿತ್ತು, ಅದನ್ನು ನೋಡಲಿಲ್ಲ.

"ತಲೆಯಲ್ಲಿ ಏನೂ ಇಲ್ಲ" ಎಂದರು.

ಸಂಜೆ ಕಾಫಿ ಅಂಗಡಿಯಲ್ಲಿ ಚಿಕ್ಕಪ್ಪ ಫಿಲ್ಮನ್ನು ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದರು.

"ಏನೂ ಇಲ್ಲವಂತಾ?" ಎಂದರು ತಾಮ್ ಅಜ್ಜ. "ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ನನ್ನ ಕೇಳಿದ್ರೆ ಇಲ್ಲೇ ಹೇಳ್ತಿದ್ದೆ."

ಯಂತ್ರವೂ ಕೈಬಿಟ್ಟ ಮೇಲೆ ಉಳಿದದ್ದು ಮೂಯ್ ಗುರುಗಳು. ಮನೆ, ಬಾವಿ, ಗೋರಿಗಳ ದಿಕ್ಕು ನೋಡುವವರು. ಅವರು ಅಂಗೈಯಲ್ಲಿ ದಿಕ್ಸೂಚಿ ಹಿಡಿದು ಮನೆಗೆ ಮೂರು ಸುತ್ತು ಬಂದು, ಹಿತ್ತಿಲಿಗೆ ಹೋಗಿ, ಅಪ್ಪನ ಗೋರಿಯ ಮುಂದೆ ನಿಂತರು. ಮರ ಹೂ ಬಿಟ್ಟಿತ್ತು. ಗೋರಿಯ ಸಿಮೆಂಟಿನ ತುಂಬ ಬಿಳಿ ಎಸಳು. ನಾನು ಪೊರಕೆ ಹಿಡಿದು ಪಕ್ಕಕ್ಕೆ ಸರಿದೆ.

"ನೋವು ಹೇಗೆ? ತಲೆ ಸುತ್ತಲೂ ಪಟ್ಟಿ ಬಿಗಿದ ಹಾಗೆ?" ಎಂದು ಕೇಳಿದರು.

"ಹೌದು ಗುರುಗಳೇ! ಹಾಗೇನೇ!"

"ಮುಂದಿಂದ ಹಿಂದಕ್ಕೆ, ಹಿಂದಿಂದ ಮುಂದಕ್ಕೆ?"

"ಅಯ್ಯೋ, ನೋಡಿದ ಹಾಗೆ ಹೇಳ್ತೀರಲ್ಲ!"

"ಬೇರು" ಎಂದರು ಗುರುಗಳು. "ಈ ಮರದ ಬೇರು ಕೆಳಗಿಳಿದು ನಿಮ್ಮಣ್ಣನ ಬುರುಡೆಗೆ ಸುತ್ತಿಕೊಂಡಿದೆ. ಸತ್ತವರ ತಲೆ ಹಿಡಿದ್ರೆ ಇದ್ದವರ ತಲೆ ನೋಯುತ್ತೆ."

ಎಲ್ಲರೂ ಮರದ ಬುಡದತ್ತ ಬಗ್ಗಿ ನೋಡಿದರು. ನನಗೂ ಆಶ್ಚರ್ಯವಾಯಿತು. ಇಷ್ಟು ಜನರಲ್ಲಿ ತಲೆ ಸುತ್ತಿದ ಆ ಉಂಗುರವನ್ನು ಕಂಡವರು ಅವರೊಬ್ಬರೇ. ಮೂರು ಮೊಳ ಆಳದಲ್ಲಿ ಕಂಡರು, ಅಷ್ಟೇ.

"ಮಗಳ ತಲೆ ಯಾಕೆ ನೋಯ್ತಿಲ್ಲ ಮತ್ತೆ?" ತಾಮ್ ಅಜ್ಜ ನನ್ನತ್ತ ಗದ್ದ ತೋರಿಸಿದರು.

"ಹೆಣ್ಣುಮಕ್ಕಳು ಲೆಕ್ಕಕ್ಕೆ ಬರಲ್ಲ. ಮನೆತನದ ಯಜಮಾನಿಕೆ ಯಾರದೋ ನೋವೂ ಅವರದೇ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನಿ."

"ತಮಾಷೆ ಮಾಡೋ ಜಾಗ ಅಲ್ಲ ಇದು" ಎಂದು ಚಿಕ್ಕಮ್ಮ ಗದರಿದರು.

ಪರಿಹಾರ ಹೀಗಿತ್ತು. ಮೂರು ದಿನ, ಮೂರು ಹೊತ್ತು, ಚಿಕ್ಕಪ್ಪ ಅಣ್ಣನಿಗೆ ಊದುಬತ್ತಿ ಹಚ್ಚಿ ಅಪ್ಪಣೆ ಕೇಳಬೇಕು. ಹಿರಿಯರ ಮುಂದೆ ತಲೆ ಮುಚ್ಚಬಾರದು, ವ್ರತ ಮುಗಿಯುವ ತನಕ ಬರಿತಲೆ. ನಾಲ್ಕನೇ ದಿನ ಮರ ಕಡಿದು ಬೇರು ಕೀಳಬೇಕು.

"ಚಿಕ್ಕಪ್ಪ, ಮರ ಬೇಡ" ಎಂದೆ.

ಅವರು ಕೆಟ್ಟವರಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ನನಗೇನು ಖುಷಿನಾ ಲಾಯ್? ನಿಮ್ಮಪ್ಪನ ತಲೆ ಬಿಡಿಸ್ತಿದೀನಿ ಅಂದ್ಕೋ."

ಮೊದಲ ದಿನ ಮಧ್ಯಾಹ್ನ ಚಿಕ್ಕಪ್ಪ ಇನ್ನೊಂದು ತಟ್ಟೆ ಅನ್ನ ಕೇಳಿದರು. ಎರಡನೇ ದಿನ ಸ್ನಾನ ಮಾಡುತ್ತ ಹಳೆಯ ನಾಟಕದ ಹಾಡು ಹೇಳಿದರು. ಮೂರನೇ ದಿನ ಚದುರಂಗದಲ್ಲಿ ತಾಮ್ ಅಜ್ಜನನ್ನು ಎರಡು ಸಲ ಸೋಲಿಸಿದರು. ಹಸಿರು ಎಣ್ಣೆಯ ಬಾಟಲಿ ಇಟ್ಟಲ್ಲೇ ಇತ್ತು. ಹಣೆಯ ಮೇಲಿನ ತಗ್ಗು ದಿನದಿಂದ ದಿನಕ್ಕೆ ತುಂಬಿಕೊಳ್ಳುವುದನ್ನು ನಾನು ಅನ್ನ ಬಡಿಸುವಾಗಲೆಲ್ಲ ನೋಡುತ್ತಿದ್ದೆ. ನನ್ನ ಮನಸ್ಸೂ ಹಗುರಾಯಿತು. ಇನ್ನು ಮರಕ್ಕೆ ಭಯವಿಲ್ಲ ಎಂದುಕೊಂಡೆ.

ಮೂರನೇ ದಿನ ಸಂಜೆ ಲೋಟಗಳನ್ನು ಬಿಟ್ಟು ಎದ್ದು ಬಂದೆ. ಅಂಗಡಿಯಲ್ಲಿ ಎಲ್ಲರೂ ಇದ್ದರು.

"ನೋವು ಹೋಯ್ತಲ್ಲ ಚಿಕ್ಕಪ್ಪ. ಇನ್ಯಾಕೆ ಮರ ಕಡಿಯೋದು?"

"ಹುಚ್ಚಿ! ಕಡೀತೀನಿ ಅಂತ ಮಾತು ಕೊಟ್ಟಿದ್ದಕ್ಕೇ ಇಷ್ಟು ಗುಣ. ಕಡಿದ್ರೆ ಇನ್ನೆಷ್ಟು ಇರ್ಬೇಡ! ಈಗ ಮಾತು ತಪ್ಪಿದ್ರೆ ಅಣ್ಣ ಸುಮ್ನೆ ಬಿಡ್ತಾನಾ?"

"ಮೂರು ದಿನ ನೀವು ಹೆಲ್ಮೆಟ್ಟು ಹಾಕಿರಲಿಲ್ಲ" ಎಂದೆ.

ಮೂಯ್ ಗುರುಗಳು ಮೆಲ್ಲಗೆ ನಕ್ಕರು. "ಹೆಲ್ಮೆಟ್ಟು ಇರೋದು ತಲೆ ಕಾಯೋಕೆ ಮಗು. ಕಾಯೋದೇ ಕಚ್ಚುತ್ತಾ? ಅದೂ ಸರ್ಕಾರ ಕೊಟ್ಟಿದ್ದು!"

"ಅಲ್ಲ, ಹುಡುಗಿ ಹೇಳೋದ್ರಲ್ಲೂ..." ಎಂದು ತಾಮ್ ಅಜ್ಜ ಶುರು ಮಾಡಿದರು. ಚಿಕ್ಕಮ್ಮ ಅವರ ಲೋಟಕ್ಕೆ ಕಾಫಿ ಸುರಿದರು, ಕೇಳದೆಯೇ ಇನ್ನೊಂದು ಚಮಚ ಗಟ್ಟಿಹಾಲನ್ನೂ ಹಾಕಿದರು. ಅಜ್ಜನ ಮಾತು ಹಾಲಿನಲ್ಲಿ ಕರಗಿತು.

ಇನ್ನೊಂದು ತೊಡಕಿತ್ತು. ಮಾದರಿ ಮುಖ್ಯಸ್ಥರು ದಿಕ್ಕು ನೋಡುವವರ ಮಾತು ಕೇಳಿ ಮರ ಕಡಿದರು ಎಂದು ಮೇಲಿನ ಕಚೇರಿಗೆ ಗೊತ್ತಾಗಬಾರದು. ಮೂಢನಂಬಿಕೆ ಬಿಡಿ ಎಂದು ಧ್ವನಿವರ್ಧಕದಲ್ಲಿ ವಾರಕ್ಕೆರಡು ಸಲ ಓದುವವರು ಚಿಕ್ಕಪ್ಪನೇ. ಅದಕ್ಕೆ ಅವರು ವ್ರತದ ಮೊದಲ ದಿನವೇ ಕಾಗದದಲ್ಲಿ 'ಹಳೆಯ ಮರಗಳ ತೆರವು, ಗ್ರಾಮ ನೈರ್ಮಲ್ಯ ದಿನ' ಎಂದು ಬರೆದು ಕಳುಹಿಸಿದರು. ಮೇಲಿನವರಿಗೆ ಬಹಳ ಸಂತೋಷವಾಗಿ ಫೋಟೋ ತೆಗೆಯಲು ಒಬ್ಬನನ್ನು ಕಳುಹಿಸಿದರು.

ಫೋಟೋ ಎಂದ ಮೇಲೆ ಹೆಲ್ಮೆಟ್ಟು ಬೇಕೇ ಬೇಕು.

ನಾಲ್ಕನೇ ದಿನ ಬೆಳಿಗ್ಗೆ ಅದು ಪೀಠದ ಮೇಲೆ ಇರಲಿಲ್ಲ. ಚಿಕ್ಕಮ್ಮ ಮನೆಯೆಲ್ಲ ಹುಡುಕಿ, ಅಕ್ಕಿ ಡಬ್ಬದ ತಳದಿಂದ ತೆಗೆದು, ನನ್ನನ್ನೊಮ್ಮೆ ನೋಡಿ, ಅಂಗಿಯಂಚಿಗೆ ಅಂಟಿದ ಅಕ್ಕಿಯನ್ನು ಕೊಡವಿ, ನಿಂಬೆಹುಳಿ ಹಚ್ಚಿ ಬೆಳಗಿದರು. ಚಿಕ್ಕಪ್ಪ ಕೈವಸ್ತ್ರ ಮಡಿಸಿ ಒಳಗಿಟ್ಟು, ಹಾಕಿಕೊಂಡು, ಪಟ್ಟಿ ಬಿಗಿದರು.

ಹಿತ್ತಿಲಲ್ಲಿ ಊರೇ ಸೇರಿತ್ತು. ಗರಗಸದ ಯಂತ್ರದವರಿಬ್ಬರು ಅಪ್ಪನ ಗೋರಿಯ ಮೇಲೆ ಗೋಣಿಚೀಲ ಹಾಸಿ ತಮ್ಮ ಚಹಾದ ಲೋಟ ಇಟ್ಟುಕೊಂಡಿದ್ದರು. ಚಿಕ್ಕಪ್ಪ ನೈರ್ಮಲ್ಯದ ಮೇಲೆ ಭಾಷಣ ಓದಲು ನಿಂತರು. ಮೊದಲ ಹಾಳೆ ಚೆನ್ನಾಗಿ ಹೋಯಿತು. ಎರಡನೇ ಹಾಳೆಯ ಹೊತ್ತಿಗೆ ಹುಬ್ಬು ಗಂಟಿಕ್ಕಿತು. ಮೂರನೆಯದರಲ್ಲಿ ಕಾಗದ ಕೆಳಗಿಳಿದು, ಕೈ ತಲೆಗೆ ಏರಿತು.

"ಅಯ್ಯೋ... ಮತ್ತೆ ಹಿಡೀತು!"

"ನೋಡಿದ್ರಾ?" ಮೂಯ್ ಗುರುಗಳು ಕೂಗಿದರು. "ಬೇರಿಗೆ ಗೊತ್ತಾಗಿಬಿಟ್ಟಿದೆ! ಪ್ರಾಣ ಉಳಿಸ್ಕೊಳ್ಳೋಕೆ ಬಿಗೀತಿದೆ! ತಡ ಮಾಡ್ಬೇಡಿ, ಹಾಕಿ ಗರಗಸ!"

"ಹಾಕಿ, ಹಾಕಿ" ಎಂದಿತು ಊರು. ಯಾವಾಗಲೂ ಒಂದು ಮಾತು ಸೇರಿಸುವ ತಾಮ್ ಅಜ್ಜ ಅಂದು ತಮ್ಮ ಚಪ್ಪಲಿ ನೋಡುತ್ತ ನಿಂತಿದ್ದರು. ಫೋಟೋದವನು ಮಂಡಿಯೂರಿ, "ಮುಖ್ಯಸ್ಥರೇ, ಕೈ ಕೆಳಗೆ ಬಿಡಿ, ಅಕ್ಷರ ಕಾಣಲಿ" ಎಂದ. ಚಿಕ್ಕಪ್ಪ ಕೈ ಇಳಿಸಿ, ಹಲ್ಲು ಕಚ್ಚಿ, ನಕ್ಕರು. ಯಂತ್ರ ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಕೊಂಬೆ ನಡುಗಿ, ಹೂವಿನ ಎಸಳು ಬಿಳಿ ಹೆಲ್ಮೆಟ್ಟಿನ ಮೇಲೆ ಉದುರಿದವು.

ನಾನು ಜನರ ನಡುವಿನಿಂದ ದಾರಿ ಮಾಡಿಕೊಂಡು ಅವರೆದುರು ನಿಂತೆ. ನನ್ನ ದನಿ ಅಷ್ಟು ದೊಡ್ಡದಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಎರಡೂ ಕೈ ಚಾಚಿದೆ.

"ಚಿಕ್ಕಪ್ಪ, ಆ ಹೆಲ್ಮೆಟ್ಟು ಒಂದ್ಸಲ ನನ್ನ ಕೈಗೆ ಕೊಡಿ."