ತೋರಿಕೆಗೆ ಇಟ್ಟ ಮನೆ

ಸೈಮಿ ಅಡುಗೆಮನೆಯ ಬೀರುಗಳ ಬಾಗಿಲನ್ನೆಲ್ಲ ತೆರೆದು ಬಡಿಯುತ್ತಿದ್ದಳು. ಒಳಗೆ ಆರು ಬಿಳಿ ಕಪ್ಪುಗಳು, ಅಷ್ಟೇ.

"ಅಮ್ಮನ ಕಾಲದ ಹೂವಿನ ಕಪ್ಪುಗಳೆಲ್ಲಿ? ಜನ ಇನ್ನೇನು ಸ್ಮಶಾನದಿಂದ ಬಂದ್ಬಿಡ್ತಾರೆ. ಕಾಫಿ ಏನು ಅಂಗೈಗೆ ಹುಯ್ಯಲಾ?"

"ಶೆಡ್ಡಲ್ಲಿವೆ," ಎಂದ ಪಕ್ಕದ ಮನೆಯ ಕಾಲೆವಿ. "ಎಲ್ಲಾ ಅಲ್ಲೇ ಇದೆ. ನಾನೇ ಹೊತ್ತು ಹಾಕಿದ್ದು. ನಿಮ್ಮಕ್ಕ ಹೇಳಿದ್ಮೇಲೆ ಇಲ್ಲ ಅನ್ನೋಕಾಗ್ತಿತ್ತಾ?"

"ಅವಳದೊಂದು ಫೋಟೊನಾದ್ರೂ?"

"ಅದೂ ಅಲ್ಲೇ." ಕಾಲೆವಿ ಕೋಟು ಹಾಕಿಕೊಂಡು ಹಿತ್ತಲಿಗೆ ಹೋದ.

ಸೈಮಿ ಹಜಾರದಲ್ಲಿ ನಿಂತಳು. ಗೋಡೆಗಳಿಗೆ ಹೊಸ ಬಿಳಿ ಬಣ್ಣ. ಸೋಫಾದ ಮೇಲೆ ಯಾರೂ ತಲೆಯಿಡದ ಬೂದು ದಿಂಬುಗಳು. ಮದುವೆಯಾದ ದಿನದಿಂದ ಅಕ್ಕ ಲೆಂಪಿ ಬಾಳಿದ ಮನೆ ಇದೇ ಎನ್ನಲು ಒಂದು ಗುರುತೂ ಇರಲಿಲ್ಲ.

*

ಕೆಲವು ವರ್ಷಗಳ ಹಿಂದೆ ಲೆಂಪಿಯ ಗಂಡ ಓಸ್ಮೊನಿಗೆ ಮರೆವು ಹೆಚ್ಚಾಗಿ, ಒಂದು ಸಲ ಬರಿಗಾಲಲ್ಲಿ ಹಿಮದೊಳಗೆ ನಡೆದುಹೋದ ಮೇಲೆ, ಅವನನ್ನು ತಾಂಪೆರೆ ನಗರದ ಆರೈಕೆಮನೆಗೆ ಸೇರಿಸಿದರು. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಮನೆ ಮಾರಿ ಅವನ ಹತ್ತಿರವೇ ಒಂದು ಕೋಣೆ ಹಿಡಿಯಬೇಕೆಂದು ಲೆಂಪಿ ನಿಶ್ಚಯಿಸಿದಳು. ಆದರೆ ಕಾಗದದ ಕಾರ್ಖಾನೆ ಮುಚ್ಚಿದ ಆ ಊರಿನಲ್ಲಿ, ಮಾರಾಟದ ಫಲಕವಿಲ್ಲದ ಮನೆಯನ್ನೇ ಹುಡುಕಬೇಕಿತ್ತು.

ಮನೆ ಮಾರಿಸುವ ಏಜೆಂಟ್ ಹುಡುಗಿ ನಯವಾಗಿಯೇ ಹೇಳಿದಳು: "ಬಂದೋರಿಗೆ ಇದು ನಿಮ್ಮನೆ ಅನ್ನಿಸ್ಬಾರ್ದು, ತಮ್ಮನೆ ಅನ್ನಿಸ್ಬೇಕು. ಫೋಟೊ, ಗಡಿಯಾರ, ಹಳೇ ಸಾಮಾನು ಎಲ್ಲ ತೆಗೆಸಿಬಿಡಿ."

"ಹಂಗಾದ್ರೆ ನಾನು?"

"ನೀವೂ ಅಷ್ಟೊತ್ತು ಆಚೆ ಎಲ್ಲಾದ್ರೂ ಹೋಗಿಬಿಡಿ ಅಮ್ಮ."

ಲೆಂಪಿ ಹೇಳಿದಂತೆ ಮಾಡಿದಳು. ವಾಸನೆ ನಿಲ್ಲುತ್ತದೆಂದು ಮೀನು ಹುರಿಯುವುದನ್ನೂ ಬಿಟ್ಟಳು. ಮನೆ ತೋರಿಸುವ ಭಾನುವಾರಗಳಲ್ಲಿ ಕಾಲೆವಿಯ ಅಡುಗೆಮನೆಯಲ್ಲಿ ಕುಳಿತು ತನ್ನದೇ ಬಾಗಿಲನ್ನು ಕಾಯುತ್ತಿದ್ದಳು. ಒಮ್ಮೆ ಗಂಡ ಹೆಂಡತಿ ಇಬ್ಬರು ಬಂದರು. ಬೀದಿಯನ್ನು ಮೇಲೆ ಕೆಳಗೆ ನೋಡಿ, ಒಳಗೂ ಹೋಗದೆ ಕಾರು ತಿರುಗಿಸಿದರು.

"ಇನ್ಯಾರಾದ್ರೂ ಬರ್ತಾರೆ ಬಿಡು," ಎಂದಿದ್ದ ಕಾಲೆವಿ.

"ಒಬ್ರು ಬಂದ್ರೆ ಸಾಕಪ್ಪ. ಊರೆಲ್ಲ ಬಂದು ಏನು ಮಾಡ್ಬೇಕು?"

ಓಸ್ಮೊನನ್ನು ನೋಡಿ ಹೊರಡುವಾಗಲೆಲ್ಲ ಅವನ ಅಂಗಿಯ ಗುಂಡಿ ಹಾಕುತ್ತ, "ಇನ್ನೇನು, ಬಂದ್ಬಿಡ್ತೀನಿ," ಎನ್ನುತ್ತಿದ್ದಳು. ವರ್ಷವರ್ಷವೂ ಬೆಲೆ ಇಳಿಸಿದಳು. ಕೊನೆಗೆ ಇಂಥದೇ ಒಂದು ಭಾನುವಾರ, ಬರುವವರು ಜಾರಬಾರದೆಂದು ಮೆಟ್ಟಿಲಿನ ಹಿಮ ಗುಡಿಸುತ್ತಿದ್ದಾಗ ಅವಳ ಎದೆಬಡಿತ ನಿಂತುಹೋಯಿತು. ಮೊದಲು ನೋಡಿದ್ದು ಏಜೆಂಟ್ ಹುಡುಗಿ. ಅವತ್ತೂ ಮನೆ ನೋಡಲು ಯಾರೂ ಬರಲಿಲ್ಲ.

*

ಜನ ಬಂದು ತುಂಬಿಕೊಂಡರು. ಶೆಡ್ಡಿನಿಂದ ಹೂವಿನ ಕಪ್ಪುಗಳು ಬಂದವು. ಏಲಕ್ಕಿ ಬನ್ನಿನ ತಟ್ಟೆ ಕೈಯಿಂದ ಕೈಗೆ ಹೋಯಿತು. ಕೊನೆಯಲ್ಲಿ ನರ್ಸಿನ ತೋಳು ಹಿಡಿದು ಓಸ್ಮೊ ಬಂದ. ಗೋರಿಯ ಬಳಿ ಅವನು ಯಾರಿಗೆ ಮಣ್ಣು ಹಾಕಿದೆನೆಂದು ಕೇಳಿರಲಿಲ್ಲ. ಬಾಗಿಲಲ್ಲಿ ಬೂಟು ಕಳಚಿ, ಪರರ ಮನೆಗೆ ಬಂದವನಂತೆ ಸಂಕೋಚದಿಂದ ಒಳಗೆ ಕಾಲಿಟ್ಟ.

"ಒಳ್ಳೆ ಮನೆ," ಎಂದ. "ಯಾರದು?"

ಓಸ್ಮೊ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದ.

"ಗಟ್ಟಿ ಇದೆ. ಮಾರ್ತಾರಂತಾ?"

"ಹೂಂ ಭಾವ," ಎಂದಳು ಸೈಮಿ. "ಮಾರಾಟಕ್ಕಿದೆ."

"ಹಂಗಾದ್ರೆ ಬಿಡ್ಬಾರ್ದು. ಎಂಥಾ ಬಿಸಿಲು ನೋಡು ಇಲ್ಲಿ! ಲೆಂಪಿ ಒಂದ್ಸಲ ಬಂದು ನೋಡ್ಲಿ, ಇದೇ ಬೇಕು ಅಂತಾಳೆ. ಬರ್ತೀನಿ ಅಂದಿದ್ಲು."

ಅವನು ಕಿಟಕಿಯ ಬಳಿ ಹೋದ.

"ಪರದೆಗೆ ಎಷ್ಟು ಬಟ್ಟೆ ಬೇಕು ಅಂತ ಮೊದ್ಲು ಕೇಳ್ತಾಳೆ ಅವಳು," ಎಂದು ಚೌಕಟ್ಟಿನ ಮೇಲೆ ಗೇಣು ಹಾಕತೊಡಗಿದ. ನಡುವಿಗೆ ಬಂದಾಗ ಲೆಕ್ಕ ತಪ್ಪಿತು. ಮತ್ತೆ ಮೂಲೆಗೆ ಹೋಗಿ ಮೊದಲಿನಿಂದ ಶುರುಮಾಡಿದ. ಬಂದವರೆಲ್ಲ ಕಾಫಿ ಕುಡಿಯದೆ, ಅವನ ಕೈಗೆ ಅಡ್ಡವಾಗದಂತೆ ಒಂದೊಂದೇ ಹೆಜ್ಜೆ ಹಿಂದೆ ಸರಿದು ನಿಂತರು.