ಶುಕ್ರವಾರದ ಎಣ್ಣೆ

ಶುಕ್ರವಾರ ಬೆಳಗಾದರೆ ನಮ್ಮ ಹಿತ್ತಲಿನ ಕಟ್ಟೆಯ ಮೇಲೆ ಹಿತ್ತಾಳೆಯ ಬಟ್ಟಲೊಂದು ಬಿಸಿಲು ಕಾಯಿಸಿಕೊಳ್ಳುತ್ತ ಕೂತಿರುತ್ತಿತ್ತು. ಅದರೊಳಗೆ ಎಣ್ಣೆ. ಒಲೆಯ ಮೇಲೆ ಕಾದ ಎಣ್ಣೆ ತಲೆಗೆ ಇಳಿಯುವುದಿಲ್ಲ, ಬಿಸಿಲಿಗೆ ಬೆಚ್ಚಗಾದದ್ದೇ ಇಳಿಯುವುದು ಎಂಬುದು ನನ್ನ ಅತ್ತೆಯವರ ನಂಬಿಕೆ. ನಮ್ಮ ಹಿತ್ತಲಿಗೆ ಬೀಳುತ್ತಿದ್ದುದು ಒಂದು ಚೂರು ಬಿಸಿಲು. ಅದು ಸರಿದಂತೆಲ್ಲ ಬಟ್ಟಲನ್ನೂ ಸರಿಸುತ್ತ ನನ್ನ ಮಗಳು ಕುಮುದ ಪಕ್ಕದಲ್ಲೇ ಕಾದಿರುತ್ತಿದ್ದಳು. ಆಮೇಲೆ ಅತ್ತೆ ಬಂದು ಅವಳನ್ನು ಮಣೆಯ ಮೇಲೆ ಕೂರಿಸಿ, ಮೂರು ಸಲ ತಲೆಗೆ ಎಣ್ಣೆ ಮುಟ್ಟಿಸಿ, ಮೂರು ಸಲವೂ "ನೂರು ವರ್ಷ ಬಾಳು" ಎಂದು ಹರಸಿ, ಆಮೇಲೆ ಕೂದಲಿಗೆಲ್ಲ ತಟ್ಟುತ್ತಿದ್ದರು. ಆ ಹೊತ್ತಿನಲ್ಲಿ ಅಜ್ಜಿ ಮೊಮ್ಮಗಳು ಏನೇನು ಮಾತಾಡಿಕೊಳ್ಳುತ್ತಿದ್ದರೋ ನನಗೆ ತಿಳಿಯದು. ಅಡುಗೆಮನೆಗೆ ನಗು ಮಾತ್ರ ಕೇಳಿಸುತ್ತಿತ್ತು.

ಅತ್ತೆಯವರ ಹೆಸರು ತುಂಗಮ್ಮ. ಬೀದಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅದಕ್ಕೆ ನೀರೆರೆಯಲು ಅವರೇ ಬೇಕು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ ನೀವಿ, ಬಿಸಿನೀರೆರೆದು, ಬಟ್ಟೆಯಲ್ಲಿ ಸುತ್ತಿ, ಕೊನೆಗೆ ಸಾಂಬ್ರಾಣಿ ಹೊಗೆಗೆ ಹಿಡಿದು ಮಲಗಿಸಿದರೆಂದರೆ ಎಂಥ ಅಳುಬುರುಕ ಕೂಸೂ ಮಧ್ಯಾಹ್ನದವರೆಗೆ ಕಣ್ಣು ಬಿಡುತ್ತಿರಲಿಲ್ಲ. ರಜೆಯ ದಿನಗಳಲ್ಲಿ ಕುಮುದ ಅವರ ಹಿಂದೆ ಕೆಂಡದ ಅಗ್ಗಿಷ್ಟಿಕೆ ಹಿಡಿದು ಹೋಗುವಳು. ನೋಡಿ ನೋಡಿ ಅವಳಿಗೆ ಎಲ್ಲವೂ ಬಾಯಿಪಾಠವಾಗಿತ್ತು.

ಆ ವರ್ಷ ಬೇಸಿಗೆಯಲ್ಲಿ ಸೂರಿನ ಗೂಡಿನಿಂದ ಗೊರವಂಕದ ಮರಿಯೊಂದು ಬಿತ್ತು. ಗೂಡಿಗೆ ಕೈ ಎಟುಕಲಿಲ್ಲ, ತಾಯಿಹಕ್ಕಿ ಕೆಳಗಿಳಿಯಲಿಲ್ಲ. ಕುಮುದ ಅದನ್ನು ಬುಟ್ಟಿಯಲ್ಲಿಟ್ಟು ಹುರಿಗಡಲೆ ಹಿಟ್ಟು ಕಲಸಿ ತಿನ್ನಿಸಿದಳು. ಬದುಕಲಾರದು ಎಂದುಕೊಂಡಿದ್ದೆ, ಬದುಕಿತು. ಮೈಗೆ ಕಂದು ಗರಿ ಬಂದವು. ಅವಳ ಹೆಗಲೇರಿ ಮನೆಯೆಲ್ಲ ತಿರುಗಾಡತೊಡಗಿತು. ಅವಳು ಅದಕ್ಕೆ ಜೀರಿಗೆ ಎಂದು ಹೆಸರಿಟ್ಟಳು.

"ಒಗ್ಗರಣೆಗೆ ಹಾಕೋ ಹೆಸರು ಇಟ್ಟಿದ್ದೀಯಲ್ಲೇ," ಎಂದು ಅತ್ತೆ ರೇಗಿಸಿದರೆ, "ನಿಮ್ಮನ್ನ ಯಾರೂ ಕೇಳಲಿಲ್ಲ ಅಜ್ಜೀ," ಎಂದು ಹಕ್ಕಿಯ ಪರವಾಗಿ ಅವಳೇ ಉತ್ತರ ಕೊಡುತ್ತಿದ್ದಳು.

ಎದುರುಮನೆಯ ವಿಶಾಲು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳ ಕೂಸಿಗೆ ತೊಟ್ಟಿಲ ಶಾಸ್ತ್ರ ಒಂದು ಶುಕ್ರವಾರ ಮಧ್ಯಾಹ್ನ ಇತ್ತು. ಅತ್ತೆಯೂ ನಾನೂ ಹೊರಟೆವು. ಜೀರಿಗೆ ಒಂಟಿಯಾಗುತ್ತದೆಂದು ಕುಮುದ ಬರಲಿಲ್ಲ. ಹಾಡು, ಆರತಿ, ಕೋಸಂಬರಿ ಎಲ್ಲ ಮುಗಿಸಿಕೊಂಡು ನಾವು ತಿರುಗಿ ಬಂದಾಗ ಅವಳು ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಬಟ್ಟೆ ಸುತ್ತಿದ ಪುಟ್ಟದೊಂದು ಗಂಟು.

"ಮಲಗಿತ್ತು," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಏಳ್ತಾ ಇಲ್ಲ," ಎಂದಳು.

ಕರಿಬೇವಿನ ಗಿಡದ ಬುಡದಲ್ಲಿ ಗುಳಿ ತೋಡಿ ಹೂತೆವು. ಹೂಳುವ ಮೊದಲು ಬಟ್ಟೆ ಬಿಚ್ಚಿ ನೋಡಿದಾಗ ಗರಿಗಳು ಮೈಗೆ ಅಂಟಿಕೊಂಡಿದ್ದವು. ನೀರಿನ ತಟ್ಟೆಗೆ ಬಿದ್ದು ಥಂಡಿ ಹಿಡಿದಿರಬೇಕು ಎಂದುಕೊಂಡೆ. ಗೂಡಿನಿಂದ ಬಿದ್ದ ಮರಿ ಇಷ್ಟು ದಿನ ಬದುಕಿದ್ದೇ ಹೆಚ್ಚು ಎಂದು ಅತ್ತೆ ಸಮಾಧಾನ ಹೇಳಿದರು. ಕುಮುದ ಅಳಲಿಲ್ಲ. ಅವಳು ಅಳದಿದ್ದುದು ನನಗೆ ಸರಿಕಾಣಲಿಲ್ಲ. ಆದರೆ ಕೆದಕಿ ಕೇಳಿದರೆ ಮಕ್ಕಳ ಮಾತು ಇನ್ನೂ ಒಳಕ್ಕೆ ಹೋಗುತ್ತದೆಂದು ಸುಮ್ಮನಾದೆ.

ಮುಂದಿನ ಶುಕ್ರವಾರ ಅತ್ತೆ ಎಂದಿನಂತೆ ಬಟ್ಟಲನ್ನು ಬಿಸಿಲಿಗಿಟ್ಟರು. ಬಿಸಿಲು ಸರಿಯಿತು, ಬಟ್ಟಲು ನೆರಳಲ್ಲಿ ಉಳಿಯಿತು. ಕೂಗಿದರೆ ಕುಮುದ ಬಾಗಿಲ ಹಿಂದಿನಿಂದ ತನಗೆ ಎಣ್ಣೆ ಬೇಡವೆಂದಳು. ತಾನೇ ನೀರು ಹಾಕಿಕೊಳ್ಳುತ್ತೇನೆ, ತಾನೇನು ಚಿಕ್ಕವಳಲ್ಲ ಎಂದಳು. ಅದರ ಮುಂದಿನ ವಾರವೂ ಅಷ್ಟೇ. ತಲೆ ಬಾಚಲು ನನ್ನನ್ನೂ ಬಿಡುತ್ತಿರಲಿಲ್ಲ. ಒತ್ತಾದ ಕೂದಲು ಎಣ್ಣೆ ಕಾಣದೆ ಸಿಕ್ಕುಗಟ್ಟಿ, ಕತ್ತಿನ ಹಿಂದೆ ನಾರಿನ ಉಂಡೆಯಂತಾಯಿತು. ವಿಶಾಲುವಿನ ಮನೆಗೆ ಅಗ್ಗಿಷ್ಟಿಕೆ ಹಿಡಿದು ಹೋಗುವುದನ್ನೂ ಬಿಟ್ಟಳು. ಅವಳಪ್ಪ ಪೇಟೆಯಿಂದ ಕೋಳಿಮರಿಯೊಂದನ್ನು ತಂದರು. ಅದು ಮನೆಯೆಲ್ಲ ಚಿಂವ್‌ಗುಟ್ಟುತ್ತ ಅವಳ ಕಾಲಿಗೇ ಬಂದರೂ ಬಗ್ಗಿ ಎತ್ತಿಕೊಳ್ಳಲಿಲ್ಲ. ಎರಡು ದಿನ ನೋಡಿ ಅವರು ಅದನ್ನು ಯಾರಿಗೋ ಕೊಟ್ಟುಬಿಟ್ಟರು.

ಅತ್ತೆ ಮೊದಮೊದಲು ಗದರಿದರು, ಆಮೇಲೆ ಗದರುವುದನ್ನೂ ನಿಲ್ಲಿಸಿದರು. ಒಂದು ದಿನ ಹುರುಳಿಕಾಯಿ ಬಿಡಿಸುತ್ತ, ನನ್ನ ಮುಖ ನೋಡದೆ, "ಊರಿನ ಮಕ್ಕಳ ಹೇಲು ಉಚ್ಚೆ ಬಳಿದ ಕೈಯಿ. ವಾಸನೆ ಬರತ್ತೇನೋ ಅವಳಿಗೆ. ದೊಡ್ಡವಳಾಗ್ತಿದಾಳೆ," ಎಂದರು. ಹಾಗೇನಿಲ್ಲ ಎಂದೆ.

ಕೆಲವು ದಿನ ಕಳೆದ ಮೇಲೆ ವಿಶಾಲುವಿಗೆ ಮೆಣಸಿನ ಸಾರು ಕೊಡಲು ಹೋದಾಗ ಕುಮುದಳನ್ನು ಬಲವಂತವಾಗಿ ಕರೆದುಕೊಂಡು ಹೋದೆ. ಸಾರಿನ ಪಾತ್ರೆ ತೆಗೆದುಕೊಳ್ಳಲೆಂದು ವಿಶಾಲು ಕೂಸನ್ನು ಅವಳ ಕಡೆ ಚಾಚಿ, "ಒಂದ್ನಿಮಿಷ ಹಿಡ್ಕೊಳ್ಳೇ, ಎಷ್ಟು ದಿನ ಆಯ್ತು ನೀನು ಬಂದು," ಎಂದಳು. ಕುಮುದ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ ಗೋಡೆಗೆ ಅಂಟಿ ನಿಂತಳು.

"ನನ್ನ ಕೈಗೆ ಬೇಡ ಅಕ್ಕ. ಸತ್ತುಹೋಗತ್ತೆ."

ಪಾತ್ರೆ ಬಿಸಿಯಿದೆ ಎಂದು ಎಚ್ಚರಿಸುವವಳ ಹಾಗೆ, ಮೆಲ್ಲಗೆ ಹೇಳಿದಳು. ವಿಶಾಲು ನನ್ನ ಮುಖ ನೋಡಿದಳು. ನಾನು ಪಾತ್ರೆಯನ್ನು ಕೆಳಗಿಟ್ಟು, ಮಗಳ ಹೆಗಲು ಬಳಸಿ ಮನೆಗೆ ಕರೆತಂದೆ.

ನಾನಾಗಿ ಏನೂ ಕೇಳಲಿಲ್ಲ. ಮೊರದಲ್ಲಿ ಅಕ್ಕಿ ಸುರಿದುಕೊಂಡು ಕಲ್ಲು ಆರಿಸುತ್ತ ಕೂತೆ. ನಮ್ಮ ಕಣ್ಣು ಬೇರೆಲ್ಲೋ ಇದ್ದರೆ ಮಕ್ಕಳಿಗೆ ಬಾಯಿ ಬರುತ್ತದೆ. ಅವಳು ಬಂದು ಪಕ್ಕದಲ್ಲಿ ಕೂತಳು. ನಾನು ಒಂದೊಂದೇ ಕಲ್ಲು ಎತ್ತಿ ಬದಿಗಿಡುತ್ತಿದ್ದೆ. ಮೊರದ ಅಕ್ಕಿ ಮುಗಿಯಿತು. ಮುಗಿದದ್ದು ಅವಳಿಗೆ ತಿಳಿಯದಿರಲೆಂದು ಅದನ್ನೇ ಮತ್ತೆ ಹರಡಿ ಮೊದಲಿನಿಂದ ಆರಿಸತೊಡಗಿದೆ.

ಆಗ ಹೇಳಿದಳು. ತೊಟ್ಟಿಲ ಶಾಸ್ತ್ರದ ಆ ಮಧ್ಯಾಹ್ನ ಬಟ್ಟಲಲ್ಲಿ ಬೆಳಗಿನ ಎಣ್ಣೆ ಸ್ವಲ್ಪ ಉಳಿದಿತ್ತು. ಎಲ್ಲರೂ ಎದುರುಮನೆಯ ಕೂಸಿನ ಹತ್ತಿರವಿದ್ದರು, ಜೀರಿಗೆಯನ್ನು ಕೇಳುವವರೇ ಇರಲಿಲ್ಲ. ಅವಳು ಬಚ್ಚಲಲ್ಲಿ ಅಜ್ಜಿಯ ಹಾಗೆಯೇ ಕಾಲು ಚಾಚಿ ಕೂತು ಹಕ್ಕಿಯನ್ನು ಕಾಲ ಮೇಲೆ ಮಲಗಿಸಿಕೊಂಡಳು. ರೆಕ್ಕೆಯ ಸಂದು ಬಿಡದಂತೆ ಎಣ್ಣೆ ನೀವಿದಳು. ಹಂಡೆಯಲ್ಲಿದ್ದ ಬೆಚ್ಚನೆಯ ನೀರೆರೆದಳು. ಬಟ್ಟೆಯಲ್ಲಿ ಸುತ್ತಿ, ಆರದಿದ್ದ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಹೊಗೆ ಚೆನ್ನಾಗಿ ಹಿಡಿಯಲೆಂದು ಮೇಲೆ ಬುಟ್ಟಿ ಕವುಚಿದಳು. ಕೂಸುಗಳು ಹಾಗೆ ಮಲಗಿದ ಮೇಲೆ ಎಬ್ಬಿಸಬಾರದು ಎಂದು ಅಜ್ಜಿ ಹೇಳುತ್ತಿದ್ದರಲ್ಲ, ಆದ್ದರಿಂದ ಅದನ್ನು ಎಬ್ಬಿಸಲಿಲ್ಲ.

"ನೂರು ವರ್ಷ ಬಾಳು ಅಂತ ನಾನೂ ಮೂರು ಸಲ ಹೇಳಿದೆ ಅಮ್ಮ," ಎಂದಳು.

ನನ್ನ ಕೈ ಅಕ್ಕಿಯಲ್ಲೇ ನಿಂತಿತು. ನಿನ್ನ ತಪ್ಪಲ್ಲ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಅವಳು ಎಲ್ಲವನ್ನೂ ಕಣ್ಣಾರೆ ಕಂಡವಳು, ಆ ಮಾತನ್ನು ನಂಬುತ್ತಿರಲಿಲ್ಲ. ನಂಬದ ಮಾತು ಆಡಿದವಳ ಹತ್ತಿರ ಮತ್ತೆ ಬರುತ್ತಲೂ ಇರಲಿಲ್ಲ. ಸುಮ್ಮನೆ ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಎಣ್ಣೆ ಕಂಡರೆ, ಸಾಂಬ್ರಾಣಿಯ ವಾಸನೆ ಬಂದರೆ ಅದೇ ನೆನಪಾಗುತ್ತದೆಂದಳು. ಅಜ್ಜಿಗೆ ಹೇಳಬೇಡ, ಅಜ್ಜಿ ಕಲಿಸಿದ್ದನ್ನು ಕೆಡಿಸಿದೆ ಎಂದಳು.

"ನಾನು ಹೇಳೋಲ್ಲ," ಎಂದೆ. "ಆದರೆ ಅಜ್ಜಿ ಏನಂದ್ಕೊಂಡಿದಾರೆ ಗೊತ್ತಾ? ಅವರ ಕೈ ಅಂದರೆ ನಿನಗೆ ಅಸಹ್ಯ ಅಂತ."

ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. ಇಂಥದೊಂದು ಅವಳ ಮನಸ್ಸಿಗೆ ಹೊಳೆದೇ ಇರಲಿಲ್ಲ. ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಅತ್ತೆ ಒಗೆದ ಬಟ್ಟೆಗಳನ್ನು ಮಡಿಸುತ್ತಿದ್ದರು.

ನಾನು ಬಾಗಿಲಲ್ಲೇ ನಿಂತೆ. ಕುಮುದ ಒಂದನ್ನೂ ಬಿಡದೆ, ಬುಟ್ಟಿ ಕವುಚಿದ್ದನ್ನೂ ಸೇರಿಸಿ ಹೇಳಿದಳು. ಅತ್ತೆಯ ಕೈಯಲ್ಲಿದ್ದ ಸೀರೆಯ ಮಡಿಕೆ ಬಿಚ್ಚಿಕೊಂಡಿತು. ಅವರು ಅದನ್ನು ಬದಿಗಿಟ್ಟು ಕಟ್ಟೆಯ ಮೇಲೆ ಕೂತರು.

"ಹಕ್ಕಿಗೆ ಎಣ್ಣೆ, ಹೊಗೆ ಆಗೋಲ್ಲ ಅಂತ ನನಗೂ ಗೊತ್ತಿರಲಿಲ್ಲ ಮಗು," ಎಂದರು. "ನೀನು ಬಂದು ಕೇಳಿದ್ದರೆ ಹಚ್ಚು ಅಂತಲೇ ಅಂತಿದ್ದೆ. ತಪ್ಪು ಆಗಿದ್ದು ಹೌದು. ಕೈ ತಪ್ಪು ಮಾಡ್ತು, ಕೇಡು ಬಗೀಲಿಲ್ಲ. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಬೇಡ."

"ಅದಕ್ಕೆ ಗೊತ್ತಾಗಿರತ್ತಾ ಅಜ್ಜಿ? ನಾನು ಬೇಕಂತ ಮಾಡಲಿಲ್ಲ ಅಂತ?"

"ಅದು ನಾನು ಹೇಳೋಕೆ ಬರೋಲ್ಲ," ಎಂದರು ಅತ್ತೆ. "ನಿನ್ನ ಕಾಲ ಮೇಲೆ ಹೆದರದೆ ಮಲಗಿತ್ತಾ?"

"ಮಲಗಿತ್ತು. ಕಣ್ಣು ಮುಚ್ಚಿಕೊಂಡಿತ್ತು."

"ಹೆದರಿದ್ದರೆ ಕುಕ್ಕಿರೋದು. ನನಗೆ ಗೊತ್ತಿರೋದು ಅಷ್ಟೇ."

ಕುಮುದ ಆಗ ಅತ್ತಳು. ಅತ್ತೆಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ತಡೆಯಲಿಲ್ಲ, ನಾನೂ ತಡೆಯಲಿಲ್ಲ. ಒಲೆಯ ಮೇಲಿನ ಬೇಳೆ ತಳ ಹಿಡಿದ ವಾಸನೆ ಬಂದರೂ ನಾನು ಅಲ್ಲಿಂದ ಕದಲಲಿಲ್ಲ.

ಸಿಕ್ಕು ಬಿಡಿಸಲು ಆ ಇಡೀ ಮಧ್ಯಾಹ್ನ ಹಿಡಿಯಿತು. ಮೊದಲ ತೊಟ್ಟು ಎಣ್ಣೆ ತಲೆಗೆ ಬಿದ್ದಾಗ ಅವಳ ಹೆಗಲು ಗಟ್ಟಿಯಾದದ್ದನ್ನು ಕಂಡೆ. ಅತ್ತೆ ಅವಸರ ಮಾಡಲಿಲ್ಲ. ಒಂದೊಂದೇ ಎಳೆ ಬಿಡಿಸುತ್ತ, "ಈ ತಲೇಲಿ ಒಂದು ಸಂಸಾರ ಗೂಡು ಕಟ್ಟಿ ಮರಿ ಮಾಡ್ಕೊಂಡು ಹೋಗಿದ್ದರೂ ನಮಗೆ ತಿಳೀತಿರಲಿಲ್ಲ," ಎಂದರು. ಕುಮುದ ನಕ್ಕುಬಿಟ್ಟಳು. ಕೂಡಲೇ ಬಾಯಿ ಮುಚ್ಚಿಕೊಂಡು ನನ್ನ ಕಡೆ ತಿರುಗಿದಳು.

"ನಗಬಹುದಾ ಅಮ್ಮ?"

"ನಗಬಹುದು," ಎಂದೆ.

ಅದಾದ ಮೇಲೆಯೂ ಎಲ್ಲವೂ ಒಮ್ಮೆಗೇ ಸರಿಹೋಗಲಿಲ್ಲ. ಸೂರಿನಲ್ಲಿ ಗೊರವಂಕ ಕೂಗಿದರೆ ತುತ್ತು ಅವಳ ಬಾಯಲ್ಲೇ ನಿಲ್ಲುತ್ತಿತ್ತು. ಕೆಲವು ಶುಕ್ರವಾರ ಎಣ್ಣೆ ಸಾಕು, ಸಾಂಬ್ರಾಣಿ ಬೇಡ ಎನ್ನುತ್ತಿದ್ದಳು. ಅತ್ತೆ ಕೂದಲನ್ನು ಬಿಸಿಲಿಗೇ ಒಣಗಿಸುತ್ತಿದ್ದರು.

ವಿಶಾಲು ಗಂಡನ ಮನೆಗೆ ಹೊರಡುವ ಹಿಂದಿನ ದಿನ ಅತ್ತೆ ಕಡೆಯ ಸಲ ನೀರೆರೆಯಲು ಹೋಗುವಾಗ, ಮೊಣಕಾಲು ನೋಯುತ್ತಿದೆ, ಬಿಂದಿಗೆ ಎತ್ತಿಕೊಡಲು ಯಾರಾದರೂ ಬನ್ನಿ ಎಂದರು. ನಾನು ಎದ್ದೆ. ಕುಮುದ ತಾನೂ ಬರುತ್ತೇನೆಂದಳು. ಬಚ್ಚಲ ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಳು, ಹೊಸ್ತಿಲು ದಾಟಲಿಲ್ಲ. ಅತ್ತೆ ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಅತ್ತಿತ್ತ ನೋಡಿ, ವಿಶಾಲುವನ್ನು ಕೇಳಿದರು.

"ನೆತ್ತಿಗೆ ಎಣ್ಣೆ ಇವಳು ಹಾಕ್ತಾಳೆ. ಆಗಬಹುದೇನಮ್ಮ?"

ಆ ದಿನ ಕುಮುದ ಆಡಿದ್ದ ಮಾತನ್ನು ವಿಶಾಲು ಮರೆತಿರಲಿಲ್ಲ. ಅದು ಅವಳ ಮುಖದಲ್ಲಿ ಒಂದು ಕ್ಷಣ ಕಂಡಿತು. ಆಮೇಲೆ ಅವಳು, "ಬಾರೇ," ಎಂದಳು. "ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡ್ಕೊ. ಇವನಿಗೆ ಥಂಡಿ ತಾಗಿದರೆ ಬೀದಿಗೆಲ್ಲ ಕೇಳಿಸೋ ಹಾಗೆ ಅರಚ್ತಾನೆ."

ಕುಮುದ ಅಂಗೈಗಳನ್ನು ಕೆಂಪಾಗುವಷ್ಟು ಉಜ್ಜಿದಳು. ಅತ್ತೆ ಅವಳ ಬಲಗೈ ಹಿಡಿದು, ಅಂಗೈಗೆ ಎಣ್ಣೆ ಹೊಯ್ದು, ಕೂಸಿನ ನೆತ್ತಿಯ ಮೃದುವಾದ ಜಾಗದ ಮೇಲೆ ಇಟ್ಟರು. ಒತ್ತಬಾರದು, ಎಣ್ಣೆ ಇಳಿಯುವವರೆಗೆ ಸುಮ್ಮನೆ ಇಟ್ಟಿರಬೇಕು ಎಂದು ಹೇಳಿ ತಮ್ಮ ಕೈ ತೆಗೆದುಕೊಂಡರು.

ಕೂಸು ಅವಳನ್ನೇ ನೋಡುತ್ತ ಕಾಲು ಒದೆಯಿತು. ಕುಮುದಳ ಕಣ್ಣು ಅಗಲವಾದವು.

"ಅಮ್ಮಾ, ಇಲ್ಲಿ ಬಡ್ಕೊಳ್ತಾ ಇದೆ," ಎಂದಳು. "ನನ್ನ ಕೈಗೆ ತಾಗ್ತಾ ಇದೆ."

"ಅದು ಹಾಗೇನೆ," ಎಂದರು ಅತ್ತೆ, ನೀರಿನ ಬಿಸಿ ನೋಡುತ್ತ.

ಬೆರಳ ಸಂದಿಯಿಂದ ಎಣ್ಣೆ ಸೋರಿ ಕೂಸಿನ ಹುಬ್ಬಿಗೆ ಇಳಿಯಿತು. ಕುಮುದ ಇನ್ನೊಂದು ಕೈಯ ಬೆರಳಿಂದ ಅದನ್ನು ಒರೆಸಿದಳು, ನೆತ್ತಿಯ ಮೇಲಿನ ಕೈಯನ್ನು ಮಾತ್ರ ತೆಗೆಯಲಿಲ್ಲ. ಹಂಡೆಯ ನೀರು ಕಾಯುತ್ತಿತ್ತು, ನಾವು ಮೂವರೂ ಕಾಯುತ್ತಿದ್ದೆವು.