ಮುಳ್ಳುಹಂದಿಯ ಉಸಿರು

ಗೇಮಿನ ನಾಯಕ ಒಂದು ಮುದಿ ಮುಳ್ಳುಹಂದಿ. ಕಾಡಿಗೆ ಬೆಂಕಿ ಬಿದ್ದು, ಬಿಲವೆಲ್ಲ ಸುಟ್ಟು, ಅದೊಂದೇ ಉಳಿದಿದೆ. ಬೋಳು ಗುಡ್ಡ ಹತ್ತಿ ಇಳಿದು ಆಚೆ ಬದಿಯ ನೀರು ಸೇರಬೇಕು, ಕಥೆ ಅಷ್ಟೇ. ಹೊಡೆದಾಟವಿಲ್ಲ, ಶತ್ರುಗಳಿಲ್ಲ. ಆಡುವವರು ಗುಂಡಿ ಒತ್ತಿ ಅದನ್ನು ನಡೆಸಬೇಕು, ಬಂಡೆ ಹತ್ತಿಸಬೇಕು, ದಣಿದಾಗ ಕೂರಿಸಬೇಕು. ಇಷ್ಟು ಮಾಡುವುದಕ್ಕೆ ಅಕ್ಕ-ತಮ್ಮ ಇಬ್ಬರೇ ಸೇರಿ ನಾಲ್ಕು ವರ್ಷ ತೆಗೆದುಕೊಂಡಿದ್ದರು. ಚಿತ್ರವೆಲ್ಲ ಅಕ್ಕನದು, ಪ್ರೋಗ್ರಾಂ ಮತ್ತು ಸದ್ದು ತಮ್ಮನದು. ಮನೆಮಂದಿಯೆಲ್ಲ ಅವನನ್ನು ಕರೆಯುತ್ತಿದ್ದದ್ದೇ ತಮ್ಮ ಎಂದು.

ಅಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಶ್ವಾಸಕೋಶ ಗಟ್ಟಿಯಾಗುತ್ತ ಬಂದು ಹೊಲಿಗೆ ಯಂತ್ರ ತುಳಿಯಲಾಗದೆ ಅಂಗಡಿ ಮುಚ್ಚಿದ ಮೇಲೆ, ಬಟ್ಟೆ ಕತ್ತರಿಸುವ ಉದ್ದ ಮೇಜಿನ ಮೇಲೆ ಇವರ ಎರಡು ಕಂಪ್ಯೂಟರುಗಳು ಬಂದು ಕೂತವು. ಅಪ್ಪ ಒಳಕೋಣೆಯ ಮಂಚದಿಂದಲೇ ವಿಚಾರಿಸುತ್ತಿದ್ದರು.

"ಏನ್ರೋ, ನಿಮ್ಮ ಹಂದಿ ಎಲ್ಲಿಗೆ ಬಂತು?"

"ಇನ್ನೂ ಅರ್ಧ ಗುಡ್ಡ ಅಪ್ಪ."

"ನನಗಿಂತ ನಿಧಾನ ಅಲ್ವೇನೋ ಅದು!" ಎಂದು ನಗಲು ಹೋಗಿ ಕೆಮ್ಮಿನಲ್ಲಿ ಮುಗಿಸುತ್ತಿದ್ದರು.

ಔಷಧಿ ಡಬ್ಬಗಳ ಮೇಲಿನ ಚಿತ್ರ ಬರೆಯುವ ಕಚೇರಿಯಲ್ಲಿ ಅಕ್ಕನಿಗೆ ಕೆಲಸ. ಹಾಗಾಗಿ ಹಗಲೆಲ್ಲ ಅಪ್ಪನ ಮಾತ್ರೆ, ಸ್ನಾನ, ಆಮ್ಲಜನಕದ ಯಂತ್ರ ಎಲ್ಲವೂ ತಮ್ಮನ ತಲೆಗೇ ಬಿದ್ದವು. ಅಮ್ಮನ ಮಂಡಿಗಳು ಕೈಕೊಟ್ಟು ಬಹಳ ದಿನವಾಗಿತ್ತು. ಅಡುಗೆಮನೆಯ ಸ್ಟೂಲಿನಿಂದ ಏಳುವುದೇ ಅವಳಿಗೆ ದೊಡ್ಡ ಕೆಲಸ.

ಕೊನೆಗೆ ಉಳಿದದ್ದು ಮುಳ್ಳುಹಂದಿಯ ಏದುಸಿರು. ಮಹಡಿಯ ಮೆಟ್ಟಿಲನ್ನು ಓಡಿ ಹತ್ತಿ ತಮ್ಮ ತನ್ನ ಉಸಿರನ್ನೇ ರೆಕಾರ್ಡ್ ಮಾಡಿದ. "ಬಸ್ಸು ತಪ್ಪಿಸಿಕೊಂಡವನ ಥರ ಇದೆ" ಎಂದಳು ಅಕ್ಕ. ಪಕ್ಕದ ಮನೆಯ ಮುದಿನಾಯಿಯ ಬಾಯಿಗೆ ಮೈಕ್ ಹಿಡಿದ. ಅದು ಮೈಕನ್ನು ನೆಕ್ಕಿತು. ಅಷ್ಟರಲ್ಲಿ ಗೇಮನ್ನು ಹೊರತರಲು ಒಪ್ಪಿದ್ದ ಕಂಪನಿಯವರು ಮಾದರಿ ಕಳಿಸಿ ಎಂದು ಗಡುವು ಕೊಟ್ಟರು. ಗಡುವಿನ ದಿನ ಅಕ್ಕ ಕಚೇರಿಯಿಂದ ಮೆಸೇಜ್ ಹಾಕಿದಳು: "ಸಂಜೆಯೊಳಗೆ ಉಸಿರು ಬೇಕೇ ಬೇಕು. ಏನಾದ್ರೂ ಮಾಡು."

ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ತಮ್ಮ ಹೆಡ್‌ಫೋನ್ ಕೊಟ್ಟ. ಅವಳು ಬಾಗಿಲಲ್ಲೇ ನಿಂತು ಕೇಳಿದಳು. ಒಳಗೆ ಎಳೆದ ಉಸಿರು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಸಣ್ಣದೊಂದು ಸಿಳ್ಳು, ಎಲ್ಲ ಮುಗಿಯಿತೇನೋ ಎಂಬಷ್ಟು ಹೊತ್ತು ಮೌನ, ಆಮೇಲೆ ಒರಟಾಗಿ, ಭಾರವಾಗಿ ಹೊರಗೆ.

"ಎಲ್ಲಿ ಸಿಕ್ತೋ ಇದು?"

"ಸಿಕ್ತು." ತಮ್ಮ ಪರದೆಯಿಂದ ಕಣ್ಣು ಕೀಳಲಿಲ್ಲ.

ಕಂಪನಿಯವರು ಬಹಳ ಮೆಚ್ಚಿದರು. ಅದಾಗಿ ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ ಅಪ್ಪ ತೀರಿಕೊಂಡರು.

ಎರಡು ತಿಂಗಳ ಮೇಲೆ, ಬಾಡಿಗೆಗೆ ತಂದಿದ್ದ ಆಮ್ಲಜನಕದ ಯಂತ್ರವನ್ನು ಹಿಂದಿರುಗಿಸಲು ತಮ್ಮ ಹೋಗಿದ್ದ. ಕೊನೆಯ ದೃಶ್ಯಕ್ಕೆ, ಮುಳ್ಳುಹಂದಿ ನೀರಿನ ಬಳಿ ಕೂತು ಶಾಂತವಾಗುವಲ್ಲಿ, ಮೆತ್ತನೆಯ ಉಸಿರು ಬೇಕಾಗಿತ್ತು. ಅಕ್ಕ ಅವನ ಕಂಪ್ಯೂಟರಿನಲ್ಲಿ ಮೂಲ ರೆಕಾರ್ಡಿಂಗ್ ಹುಡುಕಿ ತೆರೆದಳು. ತಮ್ಮ ಅದರ ವೇಗ ಇಳಿಸಿ, ದನಿ ದಪ್ಪ ಮಾಡಿ ಬಳಸಿದ್ದ. ಇದು ಹಾಗೆ ಬದಲಾಗದ ಅಸಲು. ಮೊದಲು ನಿದ್ದೆಯ ಉಸಿರು. ಆಮೇಲೆ ಮಾತು.

"ತಮ್ಮಾ... ಸ್ವಲ್ಪ ಎತ್ತಿ ಕೂರಿಸೋ."

"ಒಂದ್ನಿಮಿಷ ಅಪ್ಪ."

ಅಕ್ಕ ದನಿ ಜೋರು ಮಾಡಿದಳು. ಉಸಿರು ಸಿಕ್ಕಿಕೊಂಡಿತು, ಸಿಳ್ಳು ಹಾಕಿತು, ನಿಂತಿತು, ಮತ್ತೆ ಬಂತು. "ತಮ್ಮಾ" ಎಂದು ಇನ್ನೊಂದು ಸಲ. ಉತ್ತರವಿಲ್ಲ. ಬಂಡೆ ಹತ್ತುವಾಗಿನ ಉಸಿರು, ಬೂದಿಯಲ್ಲಿ ಜಾರುವಾಗಿನ ಉಸಿರು, ಎಲ್ಲವೂ ಇಲ್ಲೇ ಇದ್ದವು. ಇವುಗಳ ಏರಿಳಿತಕ್ಕೆ ತಾಳೆಯಾಗಲೆಂದು ಅವಳು ವಾರಗಟ್ಟಲೆ ಕೂತು ಮುಳ್ಳುಹಂದಿಯ ಬೆನ್ನು ತಿದ್ದಿ ಬರೆದಿದ್ದಳು. ದಿಂಬು ಸರಿಸುವ ಸದ್ದು, "ಬಂದೆ, ಬಂದೆ" ಎಂಬ ಮಾತು ಕೇಳಿದಾಗ ಪರದೆ ನೋಡಿದಳು. ಅಪ್ಪ ಮೊದಲು ಕರೆದಾಗಿನಿಂದ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.

ತಮ್ಮ ಬಂದಾಗ ಅವಳು ಮಾತಾಡದೆ ಅದನ್ನೇ ಸ್ಪೀಕರಿನಲ್ಲಿ ಹಾಕಿದಳು.

"ನಿಲ್ಸು ಅಕ್ಕ."

"ನೀನು ನಿಲ್ಸಿದ್ಯಾ?"

ಅವನು ಬಾಗಿಲಿಗೆ ಒರಗಿ ಕೂತ. "ನಿದ್ದೆ ಉಸಿರು ಮಾತ್ರ ತಗೊಳ್ಳೋಣ ಅಂತಿದ್ದೆ. ಎಚ್ಚರ ಆದ್ಮೇಲೆ ಉಸಿರು ಬದಲಾಯ್ತು. ಇದೇ, ಇದೇ ಬೇಕಾಗಿದ್ದು ಅನ್ನಿಸ್ಬಿಡ್ತು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅಂತ..."

"ನಾಲ್ಕು ನಿಮಿಷ ಕಣೋ! ಅಪ್ಪ ನಿನ್ನನ್ನ ನೋಡ್ತಿದ್ರಾ?"

"ನೋಡ್ತಿದ್ರು."

ಬೈಯಲು ಬಾಯಿ ತೆರೆದವಳಿಗೆ ತಾನೇ ಹಾಕಿದ ಮೆಸೇಜ್ ನೆನಪಾಯಿತು. ಅವನು ಅದನ್ನು ಎತ್ತಿ ಆಡಬಹುದಿತ್ತು, ಆಡಲಿಲ್ಲ. ಆ ಸಂಜೆ ಮಾದರಿ ಕಳಿಸುವ ಗಡಿಬಿಡಿಯಲ್ಲಿ ತಾನು ಒಳಕೋಣೆಗೆ ಹೋಗಿ ಅಪ್ಪನಿಗೆ ಮುಖ ತೋರಿಸಿದ್ದೆನೋ ಇಲ್ಲವೋ, ಎಷ್ಟು ಕೆದಕಿದರೂ ಅವಳಿಗೆ ನೆನಪಾಗಲಿಲ್ಲ.

ಗೋಡೆ ಹಿಡಿದುಕೊಂಡು ಅಮ್ಮ ಬಂದು ನಿಂತಿದ್ದಳು. ಯಾವಾಗಿನಿಂದಲೋ.

"ಅವನೊಬ್ಬನಿಗೇ ಯಾಕೆ ಅಂತೀಯ? ನನಗೂ ಕೇಳಿಸ್ತು ಅವತ್ತು. ಎರಡು ಸಲ ಕರೆದ್ರು. ಮಗ ಇದ್ದಾನಲ್ಲ ಅಂತ ಸ್ಟೂಲ್ ಮೇಲೆ ಕೂತೇ ಇದ್ದೆ. ಈ ಮಂಡಿ ಹಿಡ್ಕೊಂಡೇ ಮೂರು ವರ್ಷ ಕರೆದಾಗಲೆಲ್ಲ ಎದ್ದಿದ್ದೆ ಕಣೇ. ಅವತ್ತು ಏಳೋಕೆ ಮನಸ್ಸೇ ಬರ್ಲಿಲ್ಲ."

ಅಕ್ಕ ಸ್ಪೀಕರ್ ನಿಲ್ಲಿಸಿದಳು.

ಗೇಮಿನಿಂದ ಆ ಉಸಿರನ್ನು ತೆಗೆಯುವುದೆಂದು ಮರುದಿನ ತೀರ್ಮಾನವಾಯಿತು. ಕಂಪನಿಯ ಹೆಂಗಸು ಫೋನಿನಲ್ಲಿ ಗೋಗರೆದಳು: "ಅದೇ ಅಲ್ವಾ ನಿಮ್ಮ ಗೇಮಿನ ಜೀವ? ಅದನ್ನ ತೆಗೆದ್ರೆ ಏನು ಉಳಿಯುತ್ತೆ?"

"ಅದು ನಮ್ಮದಲ್ಲ ಮೇಡಂ" ಎಂದು ಅಕ್ಕ ಫೋನಿಟ್ಟಳು.

ನೂರಾರು ಕಡೆ ಹೊಲಿದು ಸೇರಿಸಿದ್ದ ಉಸಿರನ್ನು ಬಿಚ್ಚಲು ತಮ್ಮನಿಗೆ ಒಂಬತ್ತು ದಿನ ಹಿಡಿಯಿತು. ಬದಲಿಗೆ ಏನನ್ನೂ ತುಂಬಲಿಲ್ಲ. ಗೇಮ್ ಹೊರಬಂತು. ಗುಡ್ಡ ಚೆನ್ನಾಗಿದೆ, ಬೂದಿ ಚೆನ್ನಾಗಿದೆ ಎಂದು ಕೆಲವರು ಬರೆದರು. ಪ್ರಾಣಿ ಮಾತ್ರ ಗೊಂಬೆಯಂತಿದೆ, ಅದರ ಮೇಲೆ ಕನಿಕರವೇ ಹುಟ್ಟುವುದಿಲ್ಲ ಎಂದು ಬರೆದವರೇ ಹೆಚ್ಚು. ವಾರ ಕಳೆಯುವುದರಲ್ಲಿ ಎಲ್ಲರೂ ಅದನ್ನು ಮರೆತರು. ಸಾಮಾನು ವಿತರಿಸುವ ಗೋದಾಮಿನಲ್ಲಿ ಕೆಲಸಕ್ಕೆ ಸೇರಿಕೊಂಡ ತಮ್ಮ. ಅಕ್ಕ-ತಮ್ಮನ ನಡುವೆ ಗ್ಯಾಸು, ಕರೆಂಟು, ಬೀಗದಕೈ ಇಷ್ಟರ ಮಾತು ಉಳಿಯಿತು.

ಮೂಲ ರೆಕಾರ್ಡಿಂಗನ್ನು ತಮ್ಮ ಅಳಿಸಿಬಿಡಲು ಹೊರಟಾಗ ತಡೆದವಳು ಅಮ್ಮ. "ಅವರ ದನಿ ಬೇರೆ ಎಲ್ಲಾದ್ರೂ ಇದ್ಯೇನೋ?"

ಅಕ್ಕ, ತಮ್ಮ ಇಬ್ಬರೂ ಅವರವರ ಫೋನುಗಳನ್ನು ಜಾಲಾಡಿದರು. ಬಂಡೆ ಉರುಳುವ ಸದ್ದು, ಒಣ ಎಲೆಯ ಸದ್ದು ಸಾವಿರವಿದ್ದವು. ಅಪ್ಪನ ಮಾತು ಒಂದೂ ಇರಲಿಲ್ಲ.

ಈಗ ರಜೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಅಮ್ಮ ತಮ್ಮನನ್ನು ಕರೆದು ಅದನ್ನು ಹಾಕಿಸಿಕೊಳ್ಳುತ್ತಾಳೆ. ಮೊದಲ ಸಲ ಅವನು "ಎತ್ತಿ ಕೂರಿಸೋ" ಎಂಬಲ್ಲಿಗೇ ನಿಲ್ಲಿಸಲು ಹೋಗಿದ್ದ. ಅಮ್ಮ ಅವನ ಕೈ ಹಿಡಿದು, "ಇರ್ಲಿ, ಪೂರ್ತಿ ಬರ್ಲಿ" ಎಂದಿದ್ದಳು. ಅಕ್ಕ ಮುಂದಿನ ಕೋಣೆಯಲ್ಲಿ ಮೇಜಿಗೆ ಕೈಯೂರಿ ನಿಂತು, ದಿಂಬಿನ ಸದ್ದು ಬರುವವರೆಗೂ ಕಾಯುತ್ತಾಳೆ.